ಗಾಜಿನ ಕಾಲುವೆಗೆ ವಿಭೂತಿ

ಬಿಳಿ, ಗಾಜಿನ ಮೇಲೆ ಈ ಬಿಳಿ ಎಲ್ಲಿಂದ ಬಂತು, ಈಗ ತಾನೆ ಒರೆಸಿಟ್ಟು ಕೈ ತೊಳೆಯಲು ಹೋಗಿದ್ದೆ — ವಿಭೂತಿ, ಅಯ್ಯೋ ಅಜ್ಜಿ, ಮೂರು ಬೆರಳಲ್ಲಿ ಒಟ್ಟಿಗೇ ಎಳೆದುಬಿಟ್ಟಿದ್ದಾಳೆ, ಮನೆಗೆ ಹೊಸ ಮಿಕ್ಸಿ ಬಂದರೂ ಎಳೆಯುವವಳು, ನನ್ನ ಹತ್ತನೇ ಕ್ಲಾಸಿನ ಹಾಲ್ ಟಿಕೆಟ್ಟಿಗೂ ಎಳೆದವಳು, ಬಿಳಿಗೆರೆಯಿಂದ ನಂಜನಗೂಡಿಗೆ ಬಸ್ಸಲ್ಲಿ ಬಂದು ಮೊಮ್ಮಗಳ ಲ್ಯಾಬಿನ ಸ್ಟೂಲ್ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ವಳ್ಳೇದಾಗ್ಲಿ ಅಂತ ಎಳ್ದೆ ಕಣ್ ಕೂಸೇ, ನಾಳೀಕೆ ನಿಮ್ ಸಾಯೇಬ್ರು ನೋಡ್ತಾರೆ ಅಂದ್ಯಲ್ಲ — ಅಂದೆ, ನಾನೇ ಅಂದೆ, ನಾಳೆ ನನ್ನ ಗೈಡ್ ರಂಗಸ್ವಾಮಿ ಸರ್ ಬಂದು ಡಿಎನ್‌ಎ ಮುದುಡುವುದನ್ನು ತೋರಿಸಮ್ಮ ಅನ್ನುತ್ತಾರೆ, ತೋರಿಸದಿದ್ದರೆ ಈ ಕೆಲಸ ಇಲ್ಲಿಗೇ ಸಾಕು ಅನ್ನುತ್ತಾರೆ, ಉಳಿದಿದ್ದದ್ದು ಇದೊಂದೇ ಗಾಜಿನ ಚಿಪ್, ಒಳಗೆ ಕೂದಲಿಗಿಂತ ಸಣ್ಣ ಕಾಲುವೆಗಳು, ಕಟ್ಟಿಕೊಳ್ಳಲು ಧೂಳಿನ ಒಂದು ಕಣ ಸಾಕು, ಇವಳು ಬೂದಿಯನ್ನೇ ಮೆತ್ತಿದ್ದಾಳೆ. ಬೈಯಬೇಕು, ಬಾಯಿ ತೆರೆದೆ, ಆ ಕಣ್ಣಿನ ಹೆಮ್ಮೆ ನೋಡಿ ಚಿಪ್ ಎತ್ತಿಕೊಂಡೆ, ಇಸ್ಟ್ ಸಣ್ಣ್ ಕಾಲ್ವೇಲಿ ಯಾವ್ ಗದ್ದೆಗ್ ನೀರ್ ಬುಡ್ತೀಯೆ ಕೂಸೇ, ಸುಮ್ನಿರಜ್ಜಿ.

ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುತ್ತೇನೆ, ಮೊದಲ ಕಾಲುವೆಯ ಬಾಯಿ ಮುಚ್ಚಿದೆ, ಪಕ್ಕದ್ದೂ, ಅದರ ಪಕ್ಕದ್ದೂ, ಮುಗಿಯಿತು ಅಂದುಕೊಂಡೆ — ತಾಳು, ಕೊನೆಯದು ತೆರೆದೇ ಇದೆ, ಗೆರೆ ಅಲ್ಲಿಯವರೆಗೆ ಬಂದೇ ಇಲ್ಲ, ಸೊಟ್ಟಗಾಗಿ ನಡುವೆಯೇ ನಿಂತಿದೆ, ಅಜ್ಜಿಯ ಬೆರಳು ನಡುಗುತ್ತದೆ, ಹೋದ ವರ್ಷದಿಂದ ಕಾಫಿ ಲೋಟವನ್ನೂ ಎರಡು ಕೈಯಲ್ಲಿ ಹಿಡಿಯುತ್ತಾಳೆ, ಆ ನಡುಕ ಕಂಡರೆ ನನಗೆ ಎಷ್ಟು ಭಯ, ದ್ರಾವಣ ಬಿಡುತ್ತೇನೆ, ಉಸಿರು ಬಿಡುವುದಿಲ್ಲ, ಪರದೆಯ ಮೇಲೆ ಹಸಿರು ಎಳೆ, ಬಣ್ಣ ಕಟ್ಟಿದ ಡಿಎನ್‌ಎ, ಹರಿವಿಗೆ ಸಿಕ್ಕಿ ನೀಳವಾಗಿದೆ, ಎಳೆಯನ್ನು ಮುದುಡಿಸುವ ಸ್ಪರ್ಮೀನ್ ಪಕ್ಕದಿಂದ ಬಂದು ಸೇರುವ ಜಾಗ, ಬಾ, ಬಾರೇ, ತುದಿ ಮಡಚಿತು, ಸುತ್ತಿಕೊಂಡಿತು, ಅಜ್ಜಿ ನೋಡೇ, ಜಡೆ ಸುತ್ತಿ ತುರ್ಬು ಕಟ್ದಂಗಾಯ್ತಲ್ಲ ಕೂಸೇ, ಹೌದಜ್ಜಿ ಹೌದು, ಅಷ್ಟುದ್ದದ್ದು ಈಗ ಒಂದೇ ಚುಕ್ಕಿ, ರೆಕಾರ್ಡ್ ಆಗುತ್ತಿದೆ, ಇನ್ನೊಂದು ಎಳೆ ಬರುತ್ತಿದೆ, ಇವಳನ್ನು ಅಪ್ಪಿಕೊಂಡುಬಿಡಬೇಕು — ಅಜ್ಜಿ ಪರದೆ ಬಿಟ್ಟು ಚಿಪ್ ನೋಡುತ್ತಿದ್ದಾಳೆ, ಮುಖ ಸಣ್ಣದಾಗಿದೆ, ಅಯ್ಯೋ ಸಿವ್ನೇ, ಈಬೂತಿ ಕೊನೆಗಂಟ ಎಳ್ದೇ ಇಲ್ಲ ಕಣ್ ಕೂಸೇ, ತಾಳು ಎಳ್ದುಬುಡ್ತೀನಿ, ಆಗಲೇ ಕೈ ಚಾಚಿದ್ದಾಳೆ, ಹಿಡಿದೆ, ಬೂದಿ ಮೆತ್ತಿದ ಆ ಬೆರಳುಗಳನ್ನು ಮುಷ್ಟಿಯಲ್ಲಿ ಹಿಡಿದೆ, ಬಿಡುವುದಿಲ್ಲ ಅಜ್ಜಿ, ಬಿಡುವುದಿಲ್ಲ, ಅಂಗೈಯೊಳಗೆ ನಡುಗುತ್ತಿವೆ, ಬೆರಳು, ಅಜ್ಜಿಯ ಬೆರಳು, ನಡುಗುತ್ತಿರುವ ಬೆರಳು