ಎಲ್ಲದಕ್ಕೂ ಹೂಂ ಅಂದವನ ಕೆಲಸ

ಕೆಲಸ ಸಿಕ್ಕಿದೆ, ಆದರೆ ಏನು ಕೆಲಸ ಎಂದು ಗೊತ್ತಿಲ್ಲ. ಇಂಥ ಪೇಚಾಟ ನಿಮ್ಮ ಬೀದಿಯಲ್ಲೂ ಯಾರಿಗಾದರೂ ಬಂದಿರಬಹುದು. ಫ್ರೇಮಣ್ಣನಿಗಂತೂ ಬಂದಿತ್ತು.

ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲೇ ಅರ್ಧ ಆಯುಷ್ಯ ಕಳೆದವನು ಅವನು. ಅಲ್ಲಿ ಒಂದು ಅಭ್ಯಾಸ ಅಂಟಿಕೊಂಡಿತ್ತು. ಗಿರಾಕಿ ಏನು ಹೇಳಿದರೂ "ಹೂಂ" ಅನ್ನುವುದು. ಅರ್ಥವಾಗದಿದ್ದರೂ ಮತ್ತೆ ಕೇಳುತ್ತಿರಲಿಲ್ಲ. ಅಂದಾಜಿನ ಮೇಲೆ ಕಟ್ಟಿನ ಮರದ ಪಟ್ಟಿ ಕತ್ತರಿಸುತ್ತಿದ್ದ. ತಪ್ಪಿದರೆ ಇನ್ನಷ್ಟು ಕತ್ತರಿಸಿ ಸಣ್ಣ ಫೋಟೋದ ಕಟ್ಟು ಮಾಡುತ್ತಿದ್ದ. ಅಂಗಡಿ ಮುಚ್ಚಿತು, ಅಭ್ಯಾಸ ಉಳಿಯಿತು.

ತಿಂಗಳುಗಟ್ಟಲೆ ಅಲೆದ ಮೇಲೆ, ಅಂದು ಬೆಳಿಗ್ಗೆ ದೊಡ್ಡ ಗಾಜಿನ ಅಂಗಡಿಯ ಮ್ಯಾನೇಜರು ಅವನನ್ನು ಕೂರಿಸಿಕೊಂಡು ಮಾತಾಡಿದರು. ಒಂದೇ ಉಸಿರಿಗೆ ಸೈಟು, ಫಿಟ್ಟಿಂಗು, ಶಿಫ್ಟು ಎಂದು ಏನೇನೋ ಕೇಳಿದರು. ಎಲ್ಲದಕ್ಕೂ ಇವನು "ಹೂಂ ಸಾರ್" ಎಂದ.

"ನಾಳೆಯಿಂದ ಬನ್ನಿ" ಎಂದರು.

ಸಂಜೆ ಮನೆಯಲ್ಲಿ ವಿಚಾರಣೆ ಶುರುವಾಯಿತು.

"ಏನು ಕೆಲಸನೋ?" ಅಕ್ಕ ಕೇಳಿದಳು.

"ಗಾಜಿಂದು."

"ಗಾಜು ಒರೆಸೋದಾ, ಮಾರೋದಾ, ಹೊರೋದಾ?"

"ಎಲ್ಲಾ ಸ್ವಲ್ಪ ಸ್ವಲ್ಪ ಇರುತ್ತೆ ಅನ್ಸುತ್ತೆ."

"ಸಂಬಳ?" ಹೆಂಡತಿ ಕೇಳಿದಳು.

"ಕೊಡ್ತಾರಂತೆ."

"ಅಯ್ಯೋ ದೇವರೇ! ಎಷ್ಟು ಅಂತ ಕೇಳ್ಲಿಲ್ವಾ?"

ಫ್ರೇಮಣ್ಣ ಯೋಚನೆಗೆ ಬಿದ್ದ. ಒಪ್ಪಿಕೊಂಡದ್ದಾಗಿದೆ, ಆದರೆ ಒಪ್ಪಿದ್ದು ಏನನ್ನು? ನಾಳೆ ಹೋಗಿ ಯಾರ ಮುಂದೆ ನಿಲ್ಲಬೇಕು? ಹೋಗದೆ ಇದ್ದುಬಿಟ್ಟರೆ? ಮತ್ತೆ ಅಲೆದಾಟ.

ಒಣಗಿದ ಬಟ್ಟೆ ತೆಗೆಯಲು ಬಂದ ಮೇಲಿನ ಮನೆಯ ನರ್ಸಮ್ಮ ಇದನ್ನೆಲ್ಲ ಕೇಳಿಸಿಕೊಂಡರು. "ಫೋನ್ ಮಾಡಿ ಕೇಳಿಬಿಡಪ್ಪ" ಎಂದರು.

"ನಿಮಗೇನು ಹುಚ್ಚಾ ನರ್ಸಮ್ಮ?" ಅಕ್ಕ ಗದರಿದಳು. "ಈಗ ಕೇಳಿದ್ರೆ, ಇವನ ತಲೆಗೆ ಏನೂ ಹೋಗಲ್ಲ ಅಂತ ಬೇರೆಯವರನ್ನ ಕರೀತಾರೆ ಅಷ್ಟೆ."

"ಅಕ್ಕಾ, ವಾರ್ಡಲ್ಲಿ ಡಾಕ್ಟ್ರು ಔಷಧಿ ಹೇಳಿದ್ರೆ ನಾನು ತಿರುಗಿ ಒಪ್ಪಿಸ್ತೀನಿ. ಇಂಥವರಿಗೆ, ಇಷ್ಟು, ಇಂಥ ಹೊತ್ತಿಗೆ, ಸರಿನಾ ಡಾಕ್ಟ್ರೇ ಅಂತ. ಅಂದಾಜಲ್ಲಿ ಸೂಜಿ ಚುಚ್ಚಿದ್ರೆ ನೀವು ಸುಮ್ನಿರ್ತೀರಾ?"

"ನಿಮ್ಮ ಕೈಲಿ ನಾನು ಸೂಜಿನೇ ಚುಚ್ಚಿಸ್ಕೊಳ್ಳಲ್ಲ, ಬಿಡಿ!"

ಹೆಂಡತಿ ಫೋನು ತಂದು, ಮ್ಯಾನೇಜರ ನಂಬರು ಒತ್ತಿಸಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ ಅವನ ಕೈಗಿಟ್ಟಳು.

"ಸಾರ್, ಬೆಳಿಗ್ಗೆ ಎಲ್ಲದಕ್ಕೂ ಹೂಂ ಅಂದೆ. ಕೆಲವು ಅರ್ಥ ಆಗಿರ್ಲಿಲ್ಲ. ಕೆಲಸ ಏನು ಅಂತ ಇನ್ನೊಂದ್ಸಲ ಹೇಳ್ತೀರಾ?"

"ಕಟ್ಟಡಗಳಿಗೆ ಹೊರಗಡೆಯಿಂದ ಗಾಜು ಕೂರಿಸೋದು ಕಣ್ರೀ. ಎತ್ತರದಲ್ಲಿ ಮಾಡಿ ಅಭ್ಯಾಸ ಇದೆಯಾ ಅಂದಿದ್ದಕ್ಕೆ ಹೂಂ ಅಂದ್ರಲ್ಲ!"

ಫ್ರೇಮಣ್ಣ ಇದ್ದದ್ದು ಇದ್ದಂತೆ ಹೇಳಿಬಿಟ್ಟ. "ಇಲ್ಲ ಸಾರ್. ಸ್ಟೂಲ್ ಹತ್ತಿದ್ರೂ ಕಾಲು ನಡುಗುತ್ತೆ. ಮೇಜಿನ ಮೇಲೆ ಗಾಜು ಕತ್ತರಿಸೋದು ಗೊತ್ತು. ಅದೂ ತೆಳುವಾದ್ದು. ದಪ್ಪದ್ದು ಕಲೀಬೇಕು."

'ಹೋಯ್ತು' ಎಂಬಂತೆ ಅಕ್ಕ ಕೈಯಾಡಿಸಿದಳು.

"ಮೇಲಿಂದ ಬಿದ್ದಿದ್ರೆ ಯಾರ್ರೀ ಹೊಣೆ?" ಮ್ಯಾನೇಜರು ರೇಗಿದರು. ಆಮೇಲೆ, "ಕತ್ತರಿಸೋ ಮೇಜಿಗೂ ಒಬ್ರು ಬೇಕು. ಸಂಬಳ ಕಡಿಮೆ. ಒಂದು ತಿಂಗಳು ನೋಡ್ತೀನಿ, ಕೈ ಕುದುರಿದ್ರೆ ಖಾಯಂ" ಎಂದರು.

ಸಂಬಳ ಎಷ್ಟೆಂದು ಕೇಳಿದ. ಹೇಳಿದರು. ಆಗ ನರ್ಸಮ್ಮ ಎದುರಿನಿಂದ ಸನ್ನೆ ಮಾಡಿದರು: ತಿರುಗಿ ಹೇಳು. ಅಂಗಡಿ ತೆರೆಯುವ ಹೊತ್ತನ್ನೇ ಲೆಕ್ಕ ಹಿಡಿದು ಅವನು ಹೇಳಿದ:

"ಕತ್ತರಿಸೋ ಮೇಜು, ತಿಂಗಳು ಪರೀಕ್ಷೆ, ನಾಳೆ ಹತ್ತು ಗಂಟೆಗೆ ಅಂಗಡಿ ಹತ್ರ. ಸರಿನಾ ಸಾರ್?"

"ಹತ್ತಕ್ಕೆ ಬಾಗಿಲು ತೆಗೆಯೋದು ಗಿರಾಕಿಗಳಿಗೆ. ಕೆಲಸದವರು ಎಂಟಕ್ಕೆ, ಹಿಂದಿನ ಗೋಡೌನಿಗೆ. ಒಳ್ಳೇದಾಯ್ತು ಹೇಳಿದ್ದು."

ಫೋನು ಇಟ್ಟ. ಅಕ್ಕ ಹಣೆ ಚಚ್ಚಿಕೊಂಡಳು. "ಮೊದಲ ದಿನವೇ ಎಲ್ಲರೂ ಕೆಲಸ ಮಾಡ್ತಿರುವಾಗ ಮುಂದಿನ ಬಾಗಿಲಲ್ಲಿ ನಿಂತಿರ್ತಿದ್ದೆ, ಮಹಾರಾಯ! ಅಂದಹಾಗೆ, ಗಾಜು ಕತ್ತರಿಸುವಾಗ ಕೈಗೆ ಗವಸು ಕೊಡ್ತಾರಾ? ಅದನ್ನೂ ಕೇಳು, ಮಾಡು ಫೋನು!"

"ನಾಳೆ ಹೋದ ತಕ್ಷಣ ಕೇಳ್ತೀನಿ ಅಕ್ಕ" ಎಂದ ಫ್ರೇಮಣ್ಣ.

ಓದುಗರೇ, ಹೀಗೆ ಕೇಳಿದರೆ ಕೆಲಸ ಖಂಡಿತ ಉಳಿಯುತ್ತದೆ ಎಂದು ನಾವು ಮಾತು ಕೊಡಲಾರೆವು. ಎಲ್ಲ ಮ್ಯಾನೇಜರೂ ಒಂದೇ ಥರ ಇರುವುದಿಲ್ಲ. ಆದರೆ ತಿಳಿಯದೆ ಒಪ್ಪಿದ ಕೆಲಸದಲ್ಲಿ ನೆಮ್ಮದಿಯಿಂದ ಮುಂದೆ ಬರುವುದು ಕಷ್ಟ. ಕೆಲಸ ಯಾವುದು, ಎಲ್ಲಿ, ಎಷ್ಟು ಹೊತ್ತಿಗೆ, ಸಂಬಳ ಎಷ್ಟು, ಕೇಳಿ. ಬಾರದ್ದನ್ನು ಬಾರದು, ಕಲಿಯುತ್ತೇನೆ ಎನ್ನಿ. ಎದ್ದು ಬರುವ ಮುಂಚೆ ಕೇಳಿಸಿಕೊಂಡದ್ದನ್ನು ಒಮ್ಮೆ ತಿರುಗಿ ಹೇಳಿ. ಮರೆತು ಬಂದಿದ್ದರೆ ನಾಚಿಕೊಳ್ಳಬೇಡಿ, ಇವತ್ತೇ ಫೋನ್ ಮಾಡಿ.