ಬಸಿದ ನೀರು

ಮೂವತ್ತು ವರ್ಷ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಸೌಟು ಹಿಡಿದ ಆಸಾಮಿ ಅವರು. ಹೆಂಡತಿಯ ಕಿಡ್ನಿ ಕೈಕೊಟ್ಟಿದೆ ಎಂದು ಗೊತ್ತಾದ ದಿನವೇ, "ಇನ್ಮೇಲೆ ಅಡುಗೆಮನೆ ನಂದು, ನೀನು ಈ ಕಡೆ ತಲೆ ಹಾಕ್ಬೇಡ" ಎಂದು ಅಪ್ಪಣೆ ಹೊರಡಿಸಿದರು. ಉಪ್ಪಿನ ಡಬ್ಬಿ ಪಕ್ಕದ ಮನೆ ಸೇರಿತು. ಆಸ್ಪತ್ರೆಯ ಪಥ್ಯದ ಮೇಡಂ ಹೇಳಿದಂತೆ ಆಲೂಗಡ್ಡೆ, ಸೊಪ್ಪು ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಪಾತ್ರೆ ತುಂಬ ನೀರಿನಲ್ಲಿ ಬೇಯಿಸಿ ಬಸಿಯುತ್ತಿದ್ದರು. ಹೆಂಡತಿಯನ್ನು ಉಳಿಸಿಕೊಳ್ಳುವುದೊಂದೇ ಅವರ ಹಟ.

ಒಂದು ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿಗೆ ಪೆಡಲ್ ಮೇಲಿಟ್ಟ ಕಾಲು ಎತ್ತಲಾಗಲಿಲ್ಲ.

"ರೀ, ಕಾಲು ನಂದೇ ಅಲ್ವೇನೋ ಅನ್ನಿಸ್ತಿದೆ."

ಅವರು ಅವಳನ್ನು ಎತ್ತಿಕೊಂಡು ಆಟೊ ಹಿಡಿದು ಆಸ್ಪತ್ರೆಗೆ ಓಡಿದರು. ಇಂಜೆಕ್ಷನ್ ಕೊಟ್ಟು ಹೊರಬಂದ ಡಾಕ್ಟರ್ ಬೆವರು ಒರೆಸಿಕೊಂಡರು.

"ರಕ್ತದಲ್ಲಿ ಐದರೊಳಗೆ ಇರಬೇಕಾದ ಪೊಟ್ಯಾಸಿಯಂ ಏಳು ಮುಟ್ಟಿದೆ. ಇನ್ನೊಂದಿಷ್ಟು ತಡ ಆಗಿದ್ರೆ ಹೃದಯವೇ ನಿಂತುಹೋಗ್ತಿತ್ತು. ಏನ್ ತಿನ್ನಿಸಿದ್ರಿ?"

ಗಂಡನಿಗೆ ಪಿತ್ತ ನೆತ್ತಿಗೇರಿತು. ತಮ್ಮ ಅಡುಗೆಗೆ ಬೆರಳು ತೋರಿಸುವುದೆಂದರೇನು! "ನಿಮ್ಮ ಲ್ಯಾಬಿನವರೇ ರಕ್ತ ಅದಲು ಬದಲು ಮಾಡಿರ್ಬೇಕು!" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಾಡಿದರು. ಕೊನೆಗೆ ಪಥ್ಯದ ಮೇಡಂ ಬಂದು ಹೆಂಡತಿಯ ಮಂಚದ ಪಕ್ಕ ಕೂತರು.

"ತರಕಾರಿ ಬೇಯಿಸಿ ಬಸೀತಿದ್ರಾ?"

"ಒಂದಲ್ಲ, ಎರಡು ಸಲ!"

"ಬಸಿದ ನೀರು?"

ಅವರಿಗೆ ನಗುವೇ ಬಂತು. ಕ್ಯಾಂಟೀನಿನಲ್ಲಿ ಆ ನೀರು ಚೆಲ್ಲಿದವನಿಗೆ ಬೈಗುಳದ ಅಭಿಷೇಕವೇ ಆಗುತ್ತಿತ್ತು. "ಅದನ್ನ ಚೆಲ್ಲೋಕೆ ನಾನೇನು ನಿನ್ನೆ ಮೊನ್ನೆ ಒಲೆ ಹಚ್ಚಿದವನಾ ಮೇಡಂ? ತರಕಾರಿ ಸತ್ವ ಎಲ್ಲಾ ಅದ್ರಲ್ಲೇ ಇರತ್ತೆ. ಕುದಿಸಿ, ಇಂಗಿಸಿ, ಮೆಣಸು ಹಾಕಿ ಸೂಪ್ ಮಾಡ್ತೀನಿ. ಒಂದು ಹರಳು ಉಪ್ಪಿಲ್ಲ! ದಿನಾ ಎರಡು ಲೋಟ."

ಮೇಡಂ ಬರೆಯುವುದನ್ನು ನಿಲ್ಲಿಸಿದರು. "ಅಯ್ಯೋ ದೇವ್ರೇ! ತರಕಾರೀಲಿರೋ ಪೊಟ್ಯಾಸಿಯಂ ನೀರಿಗೆ ಇಳೀಲಿ ಅಂತಾನೇ ಅಲ್ವಾ ಬೇಯಿಸಿ ಅಂದಿದ್ದು? ಇಳಿದಿದ್ದನ್ನೆಲ್ಲ ಒಟ್ಟು ಮಾಡಿ ಕುಡಿಸಿದ್ದೀರಲ್ಲ!"

ಅವರು ತಮ್ಮ ಬಲಗೈಯನ್ನೇ ನೋಡಿಕೊಂಡರು. ಹೆಂಡತಿ ಬೇಡ ಬೇಡ ಎಂದರೂ ಗದರಿಸಿ ಲೋಟ ತುಟಿಗಿಟ್ಟದ್ದು ಇದೇ ಕೈ!

ಅಷ್ಟರಲ್ಲಿ ಹೆಂಡತಿ ಕಣ್ಣು ಬಿಟ್ಟಳು. "ಅವರದೇನೂ ತಪ್ಪಿಲ್ಲ ಮೇಡಂ. ರುಚಿಯಾಗಿದೆ ಅಂತ ನಾನೇ ಕೇಳಿ ಕುಡೀತಿದ್ದೆ."

"ಸುಳ್ಳು ಕಣೇ! ನಾನೇ ಕುಡಿಸಿದ್ದು, ನಾನೇ ಕೊಲ್ತಿದ್ದೆ ನಿನ್ನ!" ಅವರು ಗಳಗಳನೆ ಅತ್ತರು. "ಇನ್ಮೇಲೆ ನಾನು ಒಲೆ ಮುಟ್ಟಲ್ಲ. ಯಾರನ್ನಾದ್ರೂ ಅಡುಗೆಗೆ ಇಡೋಣ."

ಹೆಂಡತಿ ಅವರ ಬೆರಳು ಹಿಡಿದುಕೊಂಡಳು. ಹಿಡಿತದಲ್ಲಿ ಬಲವಿರಲಿಲ್ಲ.

"ಯಾರೂ ಬೇಡ. ನೀವೇ ಮಾಡಿ," ಅಂದಳು. "ಚೆಲ್ಲೋದು ಮಾತ್ರ ನಾನು ಚೆಲ್ತೀನಿ."