ಒಕ್ಕಣ್ಣಿಗೆ ಬಂದ ಸಂಬಂಧ

ಯುಗಾದಿಯ ಹೊತ್ತಿಗೆ ಮನೆಯಲ್ಲಿ ಒಂದು ಬೆಕ್ಕೂ ಇರಕೂಡದು ಎಂದು ಚಂದ್ರಣ್ಣ ಕೂಗಿದ್ದು ಚಳ್ಳಕೆರೆಯ ಆ ಬೀದಿಗೆಲ್ಲ ಕೇಳಿಸಿತ್ತು. ಸಾರಿಗೆ ಉಪ್ಪಿಲ್ಲ ಎಂದರೂ ಬೀದಿಗೆ ಕೇಳಿಸುವಂಥ ಗಂಟಲು ಅವನದು; ಎಣ್ಣೆ ಮಿಲ್ಲಿನ ಗದ್ದಲದೊಳಗೆ ಇಪ್ಪತ್ತು ವರ್ಷ ಮೇಸ್ತ್ರಿಕೆ ಮಾಡಿದ್ದ. ಈ ಸಲ ಮಾತ್ರ, "ಇದ್ರೆ ನನ್ನ ಮೀಸೆ ಬೋಳಿಸ್ತೀನಿ" ಎಂದೂ ಸೇರಿಸಿಬಿಟ್ಟಿದ್ದ. ಮೀಸೆಯನ್ನೇ ಪಣಕ್ಕಿಟ್ಟ ಮೇಲೆ ಬೀದಿಯವರೂ ದಿನ ಎಣಿಸತೊಡಗಿದರು.

ಬೆಕ್ಕುಗಳೆಲ್ಲ ಅವನ ಹೆಂಡತಿ ರೇಣುಕಮ್ಮನವು. ಅವಳವೂ ಅಲ್ಲ ಅನ್ನಿ. ಹಿಂಡಿ ಗೋದಾಮಿನಲ್ಲಿ ತಾಯಿ ಬಿಟ್ಟುಹೋದವು, ಯಾರೋ ಪುಣ್ಯಾತ್ಮರು ಮೋರಿಗೆ ಎಸೆದುಹೋದವು, ಲಾರಿಯ ಟಾರ್ಪಾಲಿನಲ್ಲಿ ಸಿಕ್ಕಿ ಯಾವ ಊರಿಂದಲೋ ಬಂದಿಳಿದವು, ಎಲ್ಲವೂ ಕೊನೆಗೆ ಅವಳ ಸೆರಗಿಗೇ ಬರುತ್ತಿದ್ದವು. ಇಂಕಿನ ಫಿಲ್ಲರಿನಲ್ಲಿ ಹಾಲು ಕುಡಿಸಿ, ಗಾಯಕ್ಕೆ ಅರಿಶಿನ ಹಚ್ಚಿ, ಮೈ ಬಂದ ಮೇಲೆ ಒಳ್ಳೆಯ ಮನೆ ನೋಡಿ ಕೊಡುವಳು. ಕೊಡುವ ದಿನ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ಮೂರು ಸುತ್ತು ತಿರುಗಿಸಬೇಕು. ಇಲ್ಲದಿದ್ದರೆ ಅದು ದಾರಿ ಗುರುತಿಟ್ಟುಕೊಂಡು ಹಿಂದಕ್ಕೆ ಬರುತ್ತದೆ. ಆ ಕೆಲಸ ಚಂದ್ರಣ್ಣನದು. ಹನ್ನೊಂದು ಬೆಕ್ಕು ತಿರುಗಿಸಿದ್ದ, ಒಂದೂ ಹಿಂದಕ್ಕೆ ಬಂದಿರಲಿಲ್ಲ.

ಈಗ ಮನೆಯಲ್ಲಿ ಉಳಿದಿದ್ದ ಹನ್ನೆರಡನೆಯದೇ ಒಕ್ಕಣ್ಣಿ. ಕರಿ ಬಿಳಿ ಬಣ್ಣ, ಮುರಿದ ಬಾಲ, ಎಡಗಣ್ಣಿನ ಜಾಗದಲ್ಲಿ ಒಂದು ಹೊಲಿಗೆ. ನೋಡಲು ಬಂದವರೆಲ್ಲ "ಅಯ್ಯೋ, ಬೆಳಿಗ್ಗೆ ಎದ್ದು ಇದರ ಮುಖ ನೋಡ್ಬೇಕಾ" ಎಂದು ಎದ್ದುಹೋದರು. ಚಂದ್ರಣ್ಣನೂ ಅದನ್ನು ಕಂಡಾಗಲೆಲ್ಲ ಬೈಯುತ್ತಿದ್ದ. ಆದರೆ ಊಟವಾದ ಮೇಲೆ ಅವನು ಅಂಗಾತ ಮಲಗಿದರೆ ಅದು ಬಂದು ಹೊಟ್ಟೆಯ ಮೇಲೆ ಮಲಗುತ್ತಿತ್ತು, ಅವನು ಮಗ್ಗುಲು ಬದಲಿಸುತ್ತಿರಲಿಲ್ಲ. "ಸೊಂಟ ಹಿಡಿದೈತೆ, ಅದಕ್ಕೆ" ಎನ್ನುತ್ತಿದ್ದ.

"ಸೊಂಟ ಹಿಡಿದೋರು ಸಾರಿನ ಮೀನ್ಯಾಕೆ ಮುಳ್ಳು ಬಿಡಿಸಿ ಪಕ್ಕಕ್ಕಿಡ್ತಾರಪ್ಪ?" ಎಂದು ಮಗಳು ಸ್ವಪ್ನ ಕೇಳಿದರೆ, "ಓದ್ಕೋ ಹೋಗು" ಎಂದು ಗದರಿಸುತ್ತಿದ್ದ.

ಯುಗಾದಿಗೆ ಹತ್ತು ದಿನವಿರುವಾಗ ಎಸ್‌ಟಿಡಿ ಬೂತಿನ ಜಂಪಣ್ಣ ಓಡಿಬಂದ. ಬೀದಿಗೆಲ್ಲ ಇದ್ದದ್ದು ಅವನದೊಂದೇ ಫೋನು.

"ಅಣ್ಣಾ, ಮೊಳಕಾಲ್ಮೂರಿಂದ ಫೋನ್ ಬಂದಿತ್ತು. ಯತ್ತಪ್ಪ ಅಂತೆ, ಮಗ್ಗದೋರು. ಭಾನುವಾರ ಬೆಳಿಗ್ಗೆ ಬಸ್ಸಿಗೆ ಹುಡುಗಿ ನೋಡೋಕೆ ಬರ್ತಾರಂತೆ."

"ಹುಡುಗಿ ಅಂದ್ರಾ?"

"ತೆಲುಗಲ್ಲಿ ಪಿಲ್ಲ ಅಂದ್ರು. ಪಿಲ್ಲ ಅಂದ್ರೆ ಹುಡುಗಿ ತಾನೆ? ಪಾಪ, ಆವಯ್ಯ ಸ್ವಲ್ಪ ತೊದಲ್ತಾನೆ. ಪಿಲ್ಲಿ... ಪಿಲ್ಲ ಅಂದ."

ಆ ಕಡೆ ಒಳ್ಳೆಯ ಗಂಡಿದ್ದರೆ ತಿಳಿಸು ಎಂದು ಚಂದ್ರಣ್ಣ ಹಿಂದಿನ ತಿಂಗಳಷ್ಟೇ ಪರಿಚಯದ ಜಯದೇವಪ್ಪನ ಕಿವಿಗೆ ಹಾಕಿದ್ದ. ಅದೇ ಇದು ಎಂದುಕೊಂಡ. ಸ್ವಪ್ನ, "ಡಿಗ್ರಿ ಮುಗಿಯೋತನಕ ನಾನು ಯಾರ ಮುಂದೇನೂ ಕೂರಲ್ಲ" ಎಂದಳು. "ನೋಡಿದ್ರೆ ಸವೆದು ಹೋಗ್ತೀಯಾ?" ಎಂದ ಅಪ್ಪ.

ಭಾನುವಾರ ಇಬ್ಬರು ಬಂದರು. ಐವತ್ತರ ಯತ್ತಪ್ಪ, ಅವನ ತಾಯಿ ಸೂರಮ್ಮ. ಮೊದಲು ಹಿರಿಯರು ನೋಡಿ ಹೋಗುವುದು ವಾಡಿಕೆಯೇ, ಗಂಡು ಆಮೇಲೆ ಬರುತ್ತಾನೆ ಎಂದುಕೊಂಡ ಚಂದ್ರಣ್ಣ ಇಸ್ತ್ರಿ ಅಂಗಿಯಲ್ಲಿ ಚಾಪೆ ಹಾಸಿದ. ಉಪ್ಪಿಟ್ಟು ಬಂತು. ಬಂದವರು ಉಪ್ಪಿಟ್ಟನ್ನೂ ಅದರ ಮೇಲಿನ ಗೋಡಂಬಿಯನ್ನೂ ನೋಡಿ ಮುಖ ಮುಖ ನೋಡಿಕೊಂಡರು.

"ಇಷ್ಟೆಲ್ಲ ಯಾಕಣ್ಣ?"

"ನಮ್ಮ ಮನೆ ಮರ್ಯಾದೆ ಅಲ್ವೇನ್ರಿ?"

ಯತ್ತಪ್ಪ ಗಂಟಲು ಸರಿಮಾಡಿಕೊಂಡ. "ಮನೇಲಿ ಮೂರು ಮಗ್ಗ ಐತಣ್ಣ. ದಿನವೆಲ್ಲ ಟಕಟಕ. ಅದು ಸದ್ದಿಗೆ ಹೆದರಲ್ಲ ತಾನೆ?"

ಈ ಸೀಮೆಯಲ್ಲಿ ಹೆಣ್ಣುಮಕ್ಕಳನ್ನೂ 'ಅದು' ಎನ್ನುವುದೇ ರೂಢಿ. ಚಂದ್ರಣ್ಣನಿಗೆ ತಪ್ಪೇನೂ ಕಾಣಲಿಲ್ಲ. "ಹೆದರೋದಾ? ಮಿಲ್ಲಿನ ಹಿಂದೇನೇ ಹುಟ್ಟಿ ಬೆಳೆದೈತೆ."

"ರೇಷ್ಮೆ ಕಂಡ್ರೆ ಎಳೆದಾಡೋ ಚಾಳಿ ಐತೇನಪ್ಪ?" ಎಂದಳು ಸೂರಮ್ಮ.

"ರೇಷ್ಮೆ ಕಂಡ್ರೆ ಯಾವುದು ಎಳೆಯಲ್ಲ ಹೇಳಮ್ಮ!" ಎಂದು ಚಂದ್ರಣ್ಣ ನಕ್ಕ. ಬಾಗಿಲ ಮರೆಯಲ್ಲಿದ್ದ ರೇಣುಕಮ್ಮನ ಹುಬ್ಬು ಮಾತ್ರ ಮೇಲೇರಿತು.

"ಎರಡು ಹೊತ್ತು ಹಾಲನ್ನ ಹಾಕ್ತೀವಿ," ಎಂದ ಯತ್ತಪ್ಪ.

"ಬರೀ ಹಾಲನ್ನನಾ?"

"ಹಬ್ಬಕ್ಕೆ ಬೇರೆ. ರಾತ್ರಿ, ಮಗ್ಗದ ಕೆಳಗೆ ಕಾಲು ಇಳಿಬಿಡೋ ಗುಂಡಿ ಐತಲ್ಲ, ಅದರೊಳಗೆ ಬಿಟ್ಟು ಬಾಗಿಲು ಹಾಕ್ತೀವಿ. ಅಲ್ಲೇ ಬಿದ್ದಿರ್ತೈತೆ."

ಚಂದ್ರಣ್ಣನ ಮೀಸೆ ಅದುರಿತು. ಯತ್ತಪ್ಪ ಅದನ್ನು ನೋಡಲಿಲ್ಲ. ಸಮಾಧಾನ ಹೇಳುವ ದನಿಯಲ್ಲಿ ಮುಂದುವರಿಸಿದ: "ಒಂದು ಕಣ್ಣಿಲ್ಲ ಅಂತ ಗೊತ್ತಣ್ಣ. ಅದಕ್ಕೇ ಯಾರೂ ಒಪ್ಪಿಲ್ವಂತೆ. ನಮಗೆ ಪರವಾಗಿಲ್ಲ."

"ಯಾವನಲೇ ಹೇಳಿದ್ದು ನನ್ನ ಮಗಳಿಗೆ ಕಣ್ಣಿಲ್ಲ ಅಂತ?" ಚಂದ್ರಣ್ಣ ಎದ್ದ ರಭಸಕ್ಕೆ ಉಪ್ಪಿಟ್ಟಿನ ತಟ್ಟೆ ಉರುಳಿತು. "ಗುಂಡೀಲಿ ಮಲಗಿಸ್ತೀಯಾ? ನಿನ್ನೇ ಹೂತುಬಿಡ್ತೀನಿ ಗುಂಡೀಲಿ!"

ಸದ್ದಿಗೆ ಸ್ವಪ್ನ ಕಾಫಿ ಹಿಡಿದೇ ಹೊರಗೆ ಬಂದಳು. ಎರಡು ಕಣ್ಣೂ ಕೆಂಡವಾಗಿದ್ದವು. ಅವಳ ಕಾಲ ಸಂದಿಯಿಂದ ಒಕ್ಕಣ್ಣಿ ನುಸುಳಿ ಬಂದು, ಚಾಪೆಯ ಮೇಲಿನ ಗೋಡಂಬಿ ಮೂಸಿ ನೋಡಿ, ಬೇಡವೆಂದು ಬಿಟ್ಟಿತು.

"ಇಲ್ಲೇ ಐತಲ್ಲೋ ಪಿಲ್ಲಿ!" ಎಂದಳು ಸೂರಮ್ಮ.

ಯತ್ತಪ್ಪ ಗೋಡೆಗೆ ಅಂಟಿಕೊಂಡಿದ್ದ. "ಅಣ್ಣಾ, ನಾನು ಕೇಳಿದ್ದು ಪಿಲ್ಲಿಪಿಲ್ಲ. ಪಿಲ್ಲಿ ಅಂದ್ರೆ ಬೆಕ್ಕು, ಬೆಕ್ಕಿನ ಮರಿ! ಇಲಿ ನೂಲು ಕಡಿದು ಹಾಕ್ತಾವೆ. ನಮ್ಮ ದ್ರಾಕ್ಷಾಯಣಮ್ಮ ಟೀಚರ್ ನಿಮ್ಮಲ್ಲಿ ಒಂದು ಬೆಕ್ಕು ತಗೊಂಡ್ರಲ್ಲ, ಅವರೇ ಹೇಳಿದ್ರು."

ಮೊದಲು ನಕ್ಕವಳು ಸ್ವಪ್ನ, ಕಾಫಿ ಚೆಲ್ಲುವಷ್ಟು. "ಗುಂಡಿಗೆ ಹೋಗೋಕೆ ನಾನೂ ರೆಡಿ ಅಪ್ಪ, ಇಲಿ ಹಿಡಿಯೋದು ಮಾತ್ರ ಕಲೀಬೇಕು."

"ಆ ಜಂಪಣ್ಣನ ನಾಲಿಗೆ ಕೀಳ್ತೀನಿ," ಎಂದು ಚಂದ್ರಣ್ಣ ಕೂತ. ಆದರೆ ಬೇರೆಯವರು ನಕ್ಕಷ್ಟು ಅವನಿಗೆ ನಗು ಬರಲಿಲ್ಲ. ಸೂರಮ್ಮ ಒಕ್ಕಣ್ಣಿಯನ್ನು ಆಗಲೇ ಮಡಿಲಿಗೆ ಎತ್ತಿಕೊಂಡಿದ್ದಳು. ಅದು ನಾಚಿಕೆಯಿಲ್ಲದೆ ಗುರುಗುಟ್ಟುತ್ತಿತ್ತು.

ಅವನು ವಿಚಾರಣೆ ಶುರುಮಾಡಿದ. ಮನೆಯ ಹತ್ತಿರ ನಾಯಿ ಎಷ್ಟು? ಹಾಲು ಹಸುವಿನದೋ ಎಮ್ಮೆಯದೋ? ಗುಂಡಿಗೆ ಚೀಲ ಹಾಸುತ್ತೀರೋ ಬರೀ ನೆಲವೋ? ಮೀನಿನ ಮುಳ್ಳು ಬಿಡಿಸಲು ಯಾರಿಗೆ ಬರುತ್ತದೆ? ಯತ್ತಪ್ಪ ಬೆವರೊರೆಸಿಕೊಂಡು ಎಲ್ಲಕ್ಕೂ ಉತ್ತರ ಕೊಟ್ಟ.

"ನಮ್ಮ ಹುಡುಗನ ಮದುವೇಲೂ ಇಷ್ಟು ಕೇಳಿರಲಿಲ್ಲಪ್ಪ ಬೀಗರು," ಎಂದಳು ಸೂರಮ್ಮ. "ಒಂದು ಮಾತು ಹೇಳ್ತೀನಿ ಕೇಳು. ನನಗೂ ಒಂದು ಕಣ್ಣಿಗೆ ಪೊರೆ ಬಂದೈತೆ. ನಾವಿಬ್ರೂ ಸೇರಿ ಒಂದು ಜೊತೆ ಆಗ್ತೀವಿ."

ರೇಣುಕಮ್ಮ ಗಂಡನ ಮುಖ ನೋಡಿದಳು. "ಬೇಡ ಅಂದ್ರೆ ಬೇಡ ಅನ್ರಿ. ಮೀಸೆ ಮತ್ತೆ ಬೆಳೀತೈತೆ."

"ಕೊಡು," ಎಂದ ಅವನು. "ಅಲ್ಲಿ ಕೆಲಸ ಐತೆ, ಮಡಿಲೂ ಐತೆ. ಇಲ್ಲೇನೈತೆ, ನನ್ನ ಹೊಟ್ಟೆ."

ಬಸ್ ಸ್ಟ್ಯಾಂಡಿಗೆ ಚೀಲ ಹೊತ್ತು ತಾನೇ ಹೋದ. ಬಸ್ಸಿನ ಹಿಂದೆ, ಯಾರೂ ಇಲ್ಲದ ಕಡೆ ನಿಂತು, ಬಲಕ್ಕೆ ಮೂರು ಸುತ್ತು ತಿರುಗಿಸಿದ. ಆಮೇಲೆ ಎಡಕ್ಕೆ ಮೂರು ಸುತ್ತು ತಿರುಗಿಸಿದ.

"ಅದ್ಯಾಕ್ರೀ ಬಿಚ್ಚಿದ್ರಿ ಸುತ್ತು?" ರೇಣುಕಮ್ಮ ಅವನ ಬೆನ್ನಿಗೇ ಇದ್ದಳು.

"ಎಣಿಕೆ ತಪ್ತು."

"ಹನ್ನೊಂದು ಬೆಕ್ಕಿಗೆ ತಪ್ಪದ ಎಣಿಕೆ?"

ಅವನು ಚೀಲವನ್ನು ಕಿಟಕಿಯಿಂದ ಸೂರಮ್ಮನ ಕೈಗೆ ಕೊಟ್ಟ. ಬಸ್ಸು ಹೊರಟ ಮೇಲೆ, ಪಕ್ಕದಲ್ಲಿ ನಿಂತಿದ್ದವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಅಂದರೆ ಅರ್ಧ ಸ್ಟ್ಯಾಂಡಿಗೆ ಕೇಳುವ ಹಾಗೆ, ಅಂದ:

"ದಾರಿ ಗೊತ್ತಿರ್ಲಿ ಬಿಡೇ. ತವರು ಮನೆ ಅಲ್ವಾ?"